ಅಷ್ಟಮಿಯ ತಡ್ಪೆಗೆ ಬಿದ್ದ ದುಡ್ಡು

ಒಂದು ಹೊಲಿಗೆ ಮೆಷಿನ್ ನನ್ನನ್ನು ಬಿಡದೆ ಕಾಡುತ್ತಿದೆ. ಉಡುಪಿ ಜಿಲ್ಲೆಯ ಕಾಪು ಪೇಟೆಯಿಂದ ಸ್ವಲ್ಪ ಒಳಗೆ ಹೋದರೆ ಸಿಗುವ ಒಂದು ಹೆಂಚಿನ ಮನೆ. ಅದರ ಚಾವಡಿಯ ಮೂಲೆಯಲ್ಲಿ ಆ ಮೆಷಿನ್ ಇದೆ. ಮೇಲೆ ಹಳೆಯ ಬೈರಾಸು ಮುಚ್ಚಿದೆ. ಬೈರಾಸಿನ ಮೇಲೆ ಬೀಡಿ ಎಲೆಯ ಕಟ್ಟು, ನೂಲಿನ ಉಂಡೆ, ಒಂದು ಕತ್ತರಿ. ಅದನ್ನು ಅಲ್ಲಿಗೆ ಮುಟ್ಟಿಸಿದವರಲ್ಲಿ ನಾನೂ ಒಬ್ಬಳು. ಮುಟ್ಟಿಸಿದ ದಿನ ತುಂಬಾ ಖುಷಿಯಾಗಿತ್ತು. ಆರು ತಿಂಗಳು ಬಿಟ್ಟು ಹೋಗಿ ನೋಡಿದಾಗ ಆ ಮೆಷಿನ್‌ಗೆ ಕಟ್ಟಿದ್ದ ಕೆಂಪು ರಿಬ್ಬನ್ ಕೂಡ ಹಾಗೇ ಇತ್ತು.

ದುಡ್ಡು ಎತ್ತಿದವರು ನನ್ನ ಅಕ್ಕನ ಮಗಳು ಮತ್ತು ಅವಳ ಗೆಳೆಯ ಗೆಳತಿಯರು. ಒಟ್ಟು ಹನ್ನೊಂದು ಜನ. ಕೆಲವರು ಡಿಗ್ರಿ ಓದುತ್ತಿದ್ದಾರೆ, ಇಬ್ಬರು ಮೊಬೈಲ್ ಅಂಗಡಿಯಲ್ಲಿದ್ದಾರೆ, ಒಬ್ಬ ವಯರಿಂಗ್ ಕೆಲಸಕ್ಕೆ ಹೋಗುತ್ತಾನೆ. ಕೃಷ್ಣಾಷ್ಟಮಿಗೆ ವೇಷ ಹಾಕಿ ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತುವುದು ಉಡುಪಿಯವರಿಗೆ ಹೊಸದಲ್ಲ. ಕಟ್ಟಡದ ಕೂಲಿ ಕೆಲಸ ಮಾಡುವ ರವಿ ಕಟಪಾಡಿ ಹಲವು ವರ್ಷ ಒಂದೊಂದು ವಿಚಿತ್ರ ವೇಷದಲ್ಲಿ ಬೀದಿಗೆ ಇಳಿದಿದ್ದಾರೆ. ಬಂದ ದುಡ್ಡನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಟ್ಟಿದ್ದಾರೆ. ಅವರ ವೇಷ ನೋಡಲಿಕ್ಕೆಂದೇ ಜನ ರಸ್ತೆ ಬದಿಯಲ್ಲಿ ಗಂಟೆಗಟ್ಟಲೆ ಕಾಯುವುದನ್ನು ನಾನು ನೋಡಿದ್ದೇನೆ. ನಮ್ಮ ಮಕ್ಕಳೂ ಅದನ್ನು ನೋಡುತ್ತಲೇ ಬೆಳೆದವರು. ಒಂದು ಸಂಜೆ ಎಲ್ಲರೂ ನಮ್ಮ ಮನೆ ಜಗಲಿಯಲ್ಲಿ ಕೂತು, "ನಾವು ಹೆಂಗಸರಿಗಾಗಿ ಮಾಡುವ" ಎಂದರು. ಹುಡುಗಿಯರೂ ಹುಲಿ ವೇಷ ಹಾಕುವುದು ಎಂದು ಅಲ್ಲೇ ತೀರ್ಮಾನವಾಯಿತು.

ಬಣ್ಣದ ರಾತ್ರಿ

ಆ ರಾತ್ರಿಯನ್ನು ಸ್ವಲ್ಪ ಹೇಳಲೇಬೇಕು. ನಮ್ಮ ಹಿಂದಿನ ಕೊಟ್ಟಿಗೆಯನ್ನು ಗುಡಿಸಿ ಬಲ್ಬ್ ಕಟ್ಟಿದ್ದೆವು. ಹುಡುಗರ ಮೈಗೆ ಮೊದಲು ಹಳದಿ ಬಳಿದರು. ಅದು ಒಣಗುವ ತನಕ ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಎರಡೂ ಕೈ ಚಾಚಿ ಕೋಲು ಹಿಡಿದು ನಿಲ್ಲಬೇಕು. ಆಮೇಲೆ ಪಟ್ಟೆ ಬರೆಯುವವರು ಬಂದರು. ಹುಡುಗಿಯರಿಗೆ ಮೈಗಂಟುವ ಹಳದಿ ಬಟ್ಟೆ ಹೊಲಿಸಿ ಅದರ ಮೇಲೆಯೇ ಪಟ್ಟೆ ಬರೆದಿದ್ದರು. ಮುಖಕ್ಕೆ, ಕೈಗೆ ಮಾತ್ರ ಬಣ್ಣ. ಬೆಳಗಾಗುವ ಮೊದಲು ಊದಿನ ಧೂಪ ಹಾಕಿದೆವು. ತಾಸೆ ವಾದ್ಯ ಬಾರಿಸುವವನು ಒಂದೇ ಒಂದು ಪೆಟ್ಟು ಕೊಟ್ಟದ್ದು, ಅಷ್ಟು ಹೊತ್ತು ನಿದ್ದೆ ತೂಗುತ್ತಿದ್ದ ಹುಡುಗಿಯರ ಬೆನ್ನು ಒಮ್ಮೆಲೇ ನೆಟ್ಟಗಾಯಿತು.

ಹುಲಿ ನಮ್ಮಲ್ಲಿ ಹರಕೆಯ ವೇಷ. ಬಹಳ ಕಾಲ ಅದು ಗಂಡಸರದ್ದೇ ಆಗಿತ್ತು. ಈಚೆಗೆ ಹುಡುಗಿಯರ ತಂಡಗಳೂ ಬಂದಿವೆ. ಆದರೂ ಅವತ್ತು ರಥಬೀದಿಯ ತಿರುವಿನಲ್ಲಿ ನಮ್ಮ ಐದು ಹೆಣ್ಣು ಹುಲಿಗಳು ಇಳಿದಾಗ ಜನ ಒಂದು ಗಳಿಗೆ ಸುಮ್ಮನಾದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಬೊಬ್ಬೆಯೋ ಬೊಬ್ಬೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಪ್ಪಂದಿರು ಮುಂದೆ ನುಗ್ಗಿದರು. ನೆಲದಲ್ಲಿ ಇಟ್ಟ ನೋಟನ್ನು ಹಿಂದಕ್ಕೆ ಬಾಗಿ ಬಾಯಲ್ಲಿ ಎತ್ತುವ ಆಟ ಇದೆಯಲ್ವಾ, ಅದನ್ನು ಅಕ್ಕನ ಮಗಳು ಮೂರು ಸಲ ಮಾಡಿದಳು. ಎರಡು ದಿನದಲ್ಲಿ ಬಂದದ್ದು ಒಂದು ಲಕ್ಷದ ಮೂವತ್ತೆಂಟು ಸಾವಿರ ರೂಪಾಯಿ. ಡಬ್ಬಿಯ ಮೇಲೆ "ಬಡ ಮಹಿಳೆಯರ ಸಹಾಯಕ್ಕಾಗಿ" ಎಂದು ಬರೆದಿತ್ತು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೆಷಿನ್ ಕೊಡುವುದು ಎಂದು ಯಾರು ಮೊದಲು ಹೇಳಿದರೋ ನೆನಪಿಲ್ಲ. ಎಲ್ಲರ ಬಾಯಲ್ಲೂ ಅದೇ ಬಂತು. ಹೆಂಗಸರಿಗೆ ಸಹಾಯ ಎಂದರೆ ಹೊಲಿಗೆ ಮೆಷಿನ್. ಆರು ಮೆಷಿನ್ ತೆಗೆದೆವು. ಉಳಿದ ದುಡ್ಡಿನಲ್ಲಿ ಅಕ್ಕಿ, ಬೇಳೆ, ಇಬ್ಬರ ಔಷಧಿ. ಒಂದು ಸಭಾಭವನದಲ್ಲಿ ಕಾರ್ಯಕ್ರಮ ಆಯಿತು. ಆರು ಹೆಂಗಸರು ವೇದಿಕೆಯಲ್ಲಿ ಸಾಲಾಗಿ ನಿಂತರು. ಒಬ್ಬೊಬ್ಬರ ಹೆಸರು ಕರೆದು, ಅವರ ಕಷ್ಟ ಏನು ಎಂದು ಮೈಕಿನಲ್ಲಿ ಓದಿದರು. ಗಂಡ ಇಲ್ಲ, ಮನೆ ಸೋರುತ್ತದೆ, ಹೀಗೆ. ಮೂರನೆಯವರು ಫೋಟೋ ತೆಗೆಯುವಾಗ ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಇದ್ದರು. ನಾಚಿಕೆ ಇರಬೇಕು ಎಂದುಕೊಂಡೆ. ಅವರೇ ಆ ಹೆಂಚಿನ ಮನೆಯ ಅಕ್ಕ.

ಪಿಗ್ಮಿಯವರ ಮಗಳು

ನನ್ನ ಅಪ್ಪ ಮೂವತ್ತೈದು ವರ್ಷ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ದುಡ್ಡು, ಸಂಗ್ರಹ ಮಾಡಿದವರು. ಒಂದು ಸಣ್ಣ ಸಹಕಾರಿ ಸಂಘಕ್ಕೆ. ಹೆಗಲಲ್ಲಿ ಚೀಲ, ಕಿಸೆಯಲ್ಲಿ ಪುಸ್ತಕ. ಮೊದಲು ಸೈಕಲ್, ಆಮೇಲೆ ಲೂನಾ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವವರ ಮನೆಗೆ ಬೆಳಿಗ್ಗೆ ಹೂ ಹೋದ ಮೇಲೆ, ಮೀನು ಮಾರುವವರ ಹತ್ತಿರ ಬುಟ್ಟಿ ಖಾಲಿಯಾದ ಮೇಲೆ, ಬೀಡಿ ಕಟ್ಟುವವರ ಮನೆಗೆ ಬೀಡಿ ಬ್ರಾಂಚಿನಲ್ಲಿ ಮಜೂರಿ ಕೊಟ್ಟ ದಿನ. ಯಾರ ಕೈಗೆ ಯಾವಾಗ ಕಾಸು ಬರುತ್ತದೆ ಎಂಬುದು ಅವರಿಗೆ ಗಡಿಯಾರದ ಹಾಗೆ ಗೊತ್ತಿತ್ತು.

ಪಿಗ್ಮಿ ಹುಟ್ಟಿದ್ದೇ ಈ ಊರಲ್ಲಿ. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಆಗ ಕೈಮಗ್ಗದವರು ತುಂಬಾ ಕಷ್ಟದಲ್ಲಿದ್ದ ಕಾಲ. 1928ರಲ್ಲಿ ಪಿಗ್ಮಿ ಬಂತು. ಬ್ಯಾಂಕಿನವರು ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ತೆಗೆದುಕೊಳ್ಳುತ್ತಿದ್ದರು. ಅದೇ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. ಇದೆಲ್ಲ ನಮ್ಮೂರಿನವರಿಗೆ ಗೊತ್ತಿದ್ದದ್ದೇ. ನಾನು ಇದನ್ನು ಯಾಕೆ ಎತ್ತಿದೆ ಎಂದರೆ, ಆ ಎರಡಾಣೆ ಯಾರ ಹೆಸರಿನಲ್ಲಿ ಬರೆದು ಹೋಗುತ್ತಿತ್ತು ಎಂಬ ವಿಷಯಕ್ಕೆ. ಕೊಟ್ಟವರ ಹೆಸರಿನಲ್ಲಿ. ಎಷ್ಟೋ ಹೆಂಗಸರು ತಮ್ಮ ಹೆಸರನ್ನು ಅಚ್ಚುಕಟ್ಟಾಗಿ ಬರೆದದ್ದನ್ನು ಮೊದಲು ನೋಡಿದ್ದು ಪಿಗ್ಮಿ ಪುಸ್ತಕದಲ್ಲೇ ಎಂದು ಅಪ್ಪ ಹೇಳುತ್ತಾರೆ. ಓದಲು ಬಾರದವರೂ ಆ ಸಾಲಿನ ಮೇಲೆ ಬೆರಳು ಇಡುತ್ತಿದ್ದರಂತೆ.

ಆ ಅಕ್ಕನ ಮನೆಗೆ ನಾನು ಹೋದಾಗ ಅವರು ನನ್ನನ್ನು ಗುರುತು ಹಿಡಿದದ್ದೂ ಹಾಗೆಯೇ. "ನೀನು ಪಿಗ್ಮಿಯವರ ಮಗಳಲ್ವಾ?" ಎಂದರು. ವೇದಿಕೆಯಲ್ಲಿ ಪಕ್ಕದಲ್ಲೇ ನಿಂತಿದ್ದಾಗ ಅವರಿಗೆ ನನ್ನ ಮುಖ ಕಂಡೇ ಇರಲಿಲ್ಲ. ಅಪ್ಪ ಹೇಗಿದ್ದಾರೆ ಎಂದು ಕೇಳಿದರು. ನೀರು, ಬೆಲ್ಲ ಕೊಟ್ಟರು. ಆಮೇಲೆ ತಡ್ಪೆಯನ್ನು, ಅಂದರೆ ಬೀಡಿ ಕಟ್ಟುವ ಮೊರವನ್ನು, ಮಡಿಲಿಗೆ ಎಳೆದುಕೊಂಡು ಬೀಡಿ ಸುತ್ತಲು ಶುರು ಮಾಡಿದರು. ಮಾತಾಡುತ್ತಾ ಎಲೆ ತೆಗೆಯುವುದು, ಹೊಗೆಸೊಪ್ಪು ಉದುರಿಸುವುದು, ಸುರುಳಿ ಮಾಡಿ ನೂಲು ಸುತ್ತುವುದು, ತುದಿ ಮಡಚಿ ಒತ್ತುವುದು. ಒಂದು ಬೀಡಿಗೆ ನಾನು ಒಂದು ವಾಕ್ಯ ಮುಗಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ನನ್ನ ಕಣ್ಣು ಮೆಷಿನ್ ಕಡೆ ಹೋದದ್ದು ಅವರಿಗೆ ಗೊತ್ತಾಯಿತು.

"ಮೆಷಿನ್ ಒಳ್ಳೆಯದೇ ಮಾರಾಯ್ತಿ. ಬೇಸರ ಮಾಡಬೇಡ. ಇಲ್ಲಿ ಹತ್ತಿರದಲ್ಲೇ ಹೊಲಿಯುವವರು ಮೂವರಿದ್ದಾರೆ. ಈಗಿನ ಮಕ್ಕಳು ಹಾಕುವುದೆಲ್ಲ ರೆಡಿಮೇಡ್. ನಾನು ಯಾರಿಗೆ ಹೊಲಿಯಲಿ?"

ಹಾಗಾದರೆ ನಿಮಗೆ ಏನು ಬೇಕಿತ್ತು ಅಕ್ಕ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದರು. ಹಕ್ಕು ಬಿಡುಗಡೆ ಪತ್ರದ ಕರಡು. ಆ ಮನೆ, ಅಡಿಸ್ಥಳ, ಹಿಂದಿನ ನಾಲ್ಕು ತೆಂಗಿನ ಮರ, ಎಲ್ಲವೂ ಭೂಸುಧಾರಣೆಯ ಕಾಲದ ಡಿಕ್ಲರೇಶನ್‌ನಲ್ಲಿ ಅವರ ಅಪ್ಪನಿಗೆ ಸಿಕ್ಕಿದ್ದು. ಅಪ್ಪ ವೀಲುನಾಮೆ ಮಾಡದೆ ತೀರಿಹೋದರು. ಮುಂಬೈಯಲ್ಲಿರುವ ಅಣ್ಣ ಜಾಗ ಮಾರಬೇಕು ಎನ್ನುತ್ತಾನೆ. ಅರಸಿನ ಕುಂಕುಮಕ್ಕೆ ಅಂತ ಏನಾದರೂ ಕೊಡುತ್ತೇನೆ, ಸೈನ್ ಹಾಕು ಎನ್ನುತ್ತಾನೆ. "ಅಣ್ಣ ಕೆಟ್ಟವನಲ್ಲ. ಎಲ್ಲರೂ ಹೀಗೇ ಮಾಡುವುದು ಅಂತ ಅವನಿಗೂ ಯಾರೋ ಹೇಳಿದ್ದು. ಆದರೆ ನಾನು ಸೈನ್ ಹಾಕಿದರೆ ಮತ್ತೆ ಎಲ್ಲಿ ಕೂರುವುದು? ಈ ತಡ್ಪೆ ಇಟ್ಟುಕೊಂಡು?"

ಸಹಾಯ ಕೇಳಲು ಕಚೇರಿಗೆ ಹೋಗಿದ್ದೀರಾ ಎಂದೆ. ಒಂದು ಸಲ ಹೋಗಿದ್ದರಂತೆ. ಸಂತತಿ ನಕ್ಷೆ ತನ್ನಿ, ಮರಣ ಪ್ರಮಾಣಪತ್ರ ತನ್ನಿ, ಪಹಣಿ ತನ್ನಿ ಎಂದರಂತೆ. "ಒಂದು ದಿನ ಹೋದರೆ ಸಾವಿರ ಬೀಡಿ ಹೋಯಿತು. ಹೋಗಲಿಕ್ಕೆ ಬರಲಿಕ್ಕೆ ಬಸ್ಸಿಗೆ ಬೇರೆ. ಎಷ್ಟು ದಿನ ಹಾಗೆ ಮಾಡುವುದು?" 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್. ಅವರ ಊರಿಗೆ ಬರುವುದು ಅದು ಮಾತ್ರ.

ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಇನ್ನು ಯಾರಿಗಾದರೂ ಕೊಡುವುದಾದರೆ ಮೈಕಿನಲ್ಲಿ ಹೆಸರು ಹೇಳಬೇಡಿ. ನನ್ನ ಹೆಸರು ಪಹಣಿಯಲ್ಲಿ ಬಂದರೆ ಸಾಕು." ಹಾಗಾಗಿ ಈ ಬರಹದಲ್ಲೂ ಅವರ ಹೆಸರಿಲ್ಲ.

ಕಾನೂನು ಇದೆ, ದಿನ ಇಲ್ಲ

ತುಳುನಾಡಿನಲ್ಲಿ ಹೆಣ್ಣಿಗೆ ಮೊದಲಿನಿಂದಲೂ ಹಕ್ಕಿದೆ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿದು ಬರುತ್ತಿತ್ತು. ಅದು ದೊಡ್ಡ ವಿಷಯವೇ. ಆದರೆ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿ ಇರುತ್ತಿತ್ತು, ಕಾಗದ ಪತ್ರದ ಪೆಟ್ಟಿಗೆಯೂ ಅವನ ಹತ್ತಿರವೇ. ಇವತ್ತಿನ ಕಾನೂನು ಇನ್ನೂ ಸ್ಪಷ್ಟವಾಗಿದೆ. ಅಪ್ಪ ವೀಲುನಾಮೆ ಮಾಡದೆ ಹೋದರೆ ಅವರ ಸ್ವಂತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂದಾಗ ಮದುವೆಯಾದವರೂ ಸೇರಿದರು. ಆಗ ಅಪ್ಪ ಬದುಕಿರಬೇಕಿತ್ತು ಎಂಬ ಕೊಕ್ಕೆಯನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತೆಗೆದುಹಾಕಿತು. ವಕೀಲರ ಫೀಸಿನ ಚಿಂತೆಯೂ ಬೇಕಿಲ್ಲ. 1987ರ ಕಾನೂನಿನ ಪ್ರಕಾರ ಯಾವುದೇ ಹೆಂಗಸಿಗೆ, ಅವಳ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ಅವರೇ ಕೊಡುತ್ತಾರೆ.

ಇಷ್ಟೆಲ್ಲ ಇದ್ದೂ ಆ ಅಕ್ಕನಿಗೆ ಇಲ್ಲದ್ದು ಒಂದೇ. ದಿನ. ಅರ್ಜಿ ಕೊಡಲು ಒಂದು ದಿನ, ನಕಲು ತರಲು ಒಂದು ದಿನ, ಕೋರ್ಟಿನ ವಾಯಿದೆಗೆ ಒಂದು ದಿನ. ಒಂದೊಂದು ದಿನಕ್ಕೂ ಸಾವಿರ ಬೀಡಿಯ ಬೆಲೆ.

ನಾನು ಇದನ್ನು ಮಕ್ಕಳಿಗೆ ಹೇಳಿದೆ. ಮೊದಲು ಅವರ ಮುಖ ಬಾಡಿತು, ಅಷ್ಟು ಕಷ್ಟಪಟ್ಟು ಕುಣಿದಿದ್ದರಲ್ಲ. ಆಮೇಲೆ ತಂಡದ ಒಬ್ಬ ಹುಡುಗಿ, ಅವಳ ಅಮ್ಮನೂ ಬೀಡಿ ಕಟ್ಟುವವರೇ, ಒಂದೇ ಮಾತು ಹೇಳಿದಳು. "ಹಾಗಾದರೆ ದಿನವನ್ನೇ ಕೊಡುವ." ಕಚೇರಿಗೋ ಕೋರ್ಟಿಗೋ ಹೋಗಬೇಕಾದ ಹೆಂಗಸಿಗೆ ಆ ದಿನದ ಸಾವಿರ ಬೀಡಿಯ ಮಜೂರಿ, ಬಸ್ಸಿನ ದುಡ್ಡು, ನಕಲಿನ ಫೀಸು. ಜೊತೆಗೆ ತಂಡದ ಒಬ್ಬರು ಹೋಗುವುದು. ಫೋಟೋ ಇಲ್ಲ, ವೇದಿಕೆ ಇಲ್ಲ. ದುಡ್ಡು ನೇರ ಅವರ ಸ್ವಂತ ಖಾತೆಗೆ. ಡಬ್ಬಿಯ ಬದಲು ಬೀಡಿ ತಡ್ಪೆಯನ್ನೇ ಹಿಡಿಯುವುದು ಎಂದು ಹೇಳಿದವಳೂ ಅವಳೇ. ಅಮ್ಮನ ಹಳೆಯ ತಡ್ಪೆ ತಂದಳು. ಅದರ ಅಂಚಿಗೆ ಕ್ಯೂಆರ್ ಕೋಡ್ ಅಂಟಿಸಿದರು. "ಒಂದು ಸಾವಿರ ಬೀಡಿಯ ಕೂಲಿ ಕೊಡಿ. ಒಬ್ಬ ಅಕ್ಕ ತನ್ನ ಹಕ್ಕಿಗಾಗಿ ಒಂದು ದಿನ ಹೋಗಿಬರಲಿ" ಎಂದು ಬರೆದರು.

ವಾಪಸ್ ತೆಗೆದುಕೊಂಡ ನೋಟು

ಎರಡನೇ ವರ್ಷದ ಅಷ್ಟಮಿ. ಅದೇ ಹುಲಿಗಳು, ಅದೇ ತಾಸೆ. ಕುಣಿತ ಮೊದಲಿಗಿಂತ ಚೆನ್ನಾಗಿತ್ತು. ಕಟಪಾಡಿ ಪೇಟೆಯಲ್ಲಿ ಒಬ್ಬ ಹಿರಿಯರು ಐನೂರರ ನೋಟು ತಡ್ಪೆಗೆ ಹಾಕಿದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ಬೋರ್ಡ್ ಓದಿದರು. "ಎಂತ ಹಕ್ಕು ಇದು?" ಎಂದು ಕೇಳಿದರು. ಹುಡುಗಿ ವಿವರಿಸಿದಳು. ಜಾಗದ ಪಾಲು, ಪಹಣಿ, ಕೋರ್ಟು. ಅವರು ಕೇಳಿಸಿಕೊಂಡರು. "ಅಂದರೆ ಅಣ್ಣ ತಂಗಿಯ ನಡುವೆ ಜಗಳ ತರುವುದಕ್ಕೆ ನಾನು ದುಡ್ಡು ಕೊಡಬೇಕಾ ಮಗಾ?" ಎಂದು ಮೆತ್ತಗೆ ಹೇಳಿ ನೋಟನ್ನು ತೆಗೆದುಕೊಂಡರು. ಕೋಪವೇನೂ ಇರಲಿಲ್ಲ. ನೂರು ರೂಪಾಯಿ ತೆಗೆದು "ಇದು ನಿನ್ನ ಕುಣಿತಕ್ಕೆ" ಎಂದು ಅವಳ ಕೈಯಲ್ಲಿ ಇಟ್ಟರು. ಅವಳು ಅದನ್ನು ಹಾಗೆಯೇ ತಡ್ಪೆಗೆ ಹಾಕಿದಳು. "ಜಗಳ ತರುವುದಕ್ಕಲ್ಲ ಅಜ್ಜ. ನನ್ನ ಅಮ್ಮ ಮಾತಾಡದೆ ಸೈನ್ ಹಾಕಿದವರು. ಈಗ ನಾವು ಬಾಡಿಗೆ ಮನೆಯಲ್ಲಿ ಇರುವುದು" ಎಂದಳು. ಹುಲಿ ಬಣ್ಣದ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿತ್ತು. ಆ ಅಜ್ಜ ಏನೂ ಹೇಳದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಆ ವರ್ಷ ಬಂದದ್ದು ಅರವತ್ತೊಂದು ಸಾವಿರ. ಅರ್ಧಕ್ಕೂ ಕಡಿಮೆ.

ನಾನು ಈ ಲೆಕ್ಕದ ಬಗ್ಗೆ ತುಂಬಾ ಯೋಚಿಸಿದ್ದೇನೆ. ಜನರ ಮನಸ್ಸು ಸಣ್ಣದು ಎಂದು ನನಗೆ ಅನ್ನಿಸುವುದಿಲ್ಲ. ಅದೇ ಬೀದಿಯಲ್ಲಿ, ಕಾಯಿಲೆ ಬಿದ್ದ ಮಗುವಿಗೆ ಅಂದರೆ ಕೂಲಿ ಮಾಡುವವರೂ ಕಿಸೆ ಖಾಲಿ ಮಾಡುತ್ತಾರೆ. ಬಡತನ ಎಂದರೆ ಕೊಡುವ ಕೈಗೆ ಯಾವ ಅಡ್ಡಿಯೂ ಇಲ್ಲ. ಅಕ್ಕಿ ಕೊಟ್ಟರೆ ಯಾರ ಮನೆಯ ಪಾಲೂ ಕಡಿಮೆಯಾಗುವುದಿಲ್ಲ. ಹಕ್ಕು ಎಂದ ಕೂಡಲೇ ಎದುರಿಗೆ ಒಬ್ಬ ಅಣ್ಣ ಬಂದು ನಿಲ್ಲುತ್ತಾನೆ. ಕೊಡುವವರಿಗೆ ತಮ್ಮ ಮನೆಯ ತಂಗಿ ನೆನಪಾಗುತ್ತಾಳೆ, ತಾವು ಸೈನ್ ಹಾಕಿಸಿಕೊಂಡ ಕಾಗದ ನೆನಪಾಗುತ್ತದೆ. ಆದರೆ ಆ ಅಕ್ಕ ಬಡವಿ ಆದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ದಾರಿ ಅದೇ ಕಾಗದಕ್ಕೆ ಬಂದು ಮುಟ್ಟುತ್ತದೆ. ಅಡಿಸ್ಥಳ ಕಳೆದುಕೊಂಡ ಮೇಲೆ ಎಷ್ಟು ಮೆಷಿನ್ ಕೊಟ್ಟರೂ ಅವನ್ನು ಇಡುವುದೆಲ್ಲಿ? ಅದಕ್ಕೇ ಈ ಅರವತ್ತೊಂದು ಸಾವಿರ ನನಗೆ ಮೊದಲಿನ ಒಂದು ಲಕ್ಷದ ಮೂವತ್ತೆಂಟು ಸಾವಿರಕ್ಕಿಂತ ದೊಡ್ಡದು. ಇದನ್ನು ಕೊಟ್ಟವರು ಓದಿ ಕೊಟ್ಟಿದ್ದಾರೆ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಲ್ಯ ಆಗಾಗ ನೆನಪಾಗುತ್ತದೆ. ಅವರಿಗೆ ಏಳು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ವೀಲುನಾಮೆ ಇರಲಿಲ್ಲ. ಆಗಿನ ಕಾನೂನಿನಂತೆ ಆಸ್ತಿಯೆಲ್ಲ ಅಪ್ಪನ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಅಮ್ಮ ಗಿರಿಜಾಬಾಯಿಗೆ ತಿಂಗಳಿಗೆ ಇಷ್ಟು ಎಂದು ಭತ್ಯೆ ಕೊಡುತ್ತೇವೆ ಎಂದರು. ಅವರು ಅದನ್ನು ಬೇಡ ಎಂದರು. ಆ ಮನೆಯಲ್ಲಿ ಬೆಳೆದ ಹುಡುಗಿ 1930ರಲ್ಲಿ, 27ನೇ ವಯಸ್ಸಿಗೆ, ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳಬೇಕು ಎಂದು ಗಾಂಧೀಜಿಯ ಹತ್ತಿರ ಹಟ ಹಿಡಿದರು. ಮುಂಬೈಯಲ್ಲಿ ತಾವು ಮಾಡಿದ ಉಪ್ಪಿನ ಪೊಟ್ಟಣ ಹಿಡಿದು ಶೇರು ಪೇಟೆಯ ಒಳಗೇ ಮಾರಲು ಹೋದರು, ಜೈಲಿಗೂ ಹೋದರು. ಒಂದು ಹಿಡಿ ಉಪ್ಪು ಕೊಂಡವರು ಬರೀ ಉಪ್ಪನ್ನು ಕೊಳ್ಳುತ್ತಿರಲಿಲ್ಲ, ತಾವು ಯಾರ ಕಡೆ ಎಂದು ಹೇಳುತ್ತಿದ್ದರು. ಇದನ್ನು ನಾನು ಹುಡುಗಿಯರಿಗೆ ಹೇಳಿದಾಗ ಅವರು ತಡ್ಪೆಯ ಕಡೆ ನೋಡಿದರು.

ಲೆಕ್ಕ

ಆ ಅಕ್ಕ ಕರಡಿಗೆ ಸೈನ್ ಹಾಕಲಿಲ್ಲ. ಅಕ್ಕನ ಮಗಳು ಅವರ ಜೊತೆ ಹೋಗಿ ಕಾನೂನು ನೆರವಿಗೆ ಅರ್ಜಿ ಕೊಟ್ಟಳು. ಅಣ್ಣನಿಗೆ ನೋಟಿಸ್ ಹೋದಾಗ ಒಂದು ತಿಂಗಳು ಫೋನ್ ಇಲ್ಲ. ಆ ತಿಂಗಳು ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ದುಡ್ಡು ಕೊಟ್ಟು ಸರಿ ಮಾಡುವ ಸಂಕಟ ಅದಾಗಿರಲಿಲ್ಲ. ಸುಮ್ನೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆವು. ಆಮೇಲೆ ಅಣ್ಣನೇ ಊರಿಗೆ ಬಂದರು. ಮಾತುಕತೆ ನಡೆಯುತ್ತಿದೆ, ಇನ್ನೂ ಮುಗಿದಿಲ್ಲ. ಅವರನ್ನು ಬಿಟ್ಟು ಇನ್ನೂ ಆರು ಹೆಂಗಸರು ಈ ದುಡ್ಡಿನಿಂದ ಹೋಗಿಬರುತ್ತಿದ್ದಾರೆ. ಇಬ್ಬರದ್ದು ಜಾಗದ ವಿಷಯ, ಒಬ್ಬರದ್ದು ಗಂಡನಿಂದ ಜೀವನಾಂಶ, ಒಬ್ಬರದ್ದು ತಪ್ಪಾಗಿ ಬಿದ್ದ ಹೆಸರನ್ನು ಸರಿ ಮಾಡಿಸುವುದು. ಉಳಿದವರದ್ದು ಹೇಳುವ ಹಾಗಿಲ್ಲ. ಆ ಹುಡುಗಿಯ ಅಮ್ಮ ಈಗ ಎಲ್ಲ ಮನೆಗಳಿಗೂ ಹೋಗಿ ಯಾರಿಗೆ ಯಾವ ದಿನ ವಾಯಿದೆ ಎಂದು ಬರೆದುಕೊಂಡು ಬರುತ್ತಾರೆ.

ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲೇ ಇದೆ. ಉದ್ದದ, ಕೆಂಪು ರಟ್ಟಿನ ಪುಸ್ತಕ. ಅಪ್ಪನ ಹಾಗೆ ಒಬ್ಬೊಬ್ಬರಿಗೆ ಒಂದು ಪುಟ, ಮೇಲೆ ಅವರ ಪೂರ್ತಿ ಹೆಸರು. ಕಳೆದ ಅಷ್ಟಮಿಯ ರಾತ್ರಿ ಮಕ್ಕಳು ತಡ್ಪೆಯನ್ನು ಚಾಪೆಯ ಮೇಲೆ ಬೋರಲು ಹಾಕಿ ಎಣಿಸಿದರು. ಎಲ್ಲರ ಕೈಗೆ ಇನ್ನೂ ಬಣ್ಣ, ಸೀಮೆಎಣ್ಣೆಯ ವಾಸನೆ. ಎಣಿಸಿದ್ದಕ್ಕೂ ಬೀದಿಬೀದಿಗೆ ಬರೆದುಕೊಂಡು ಬಂದ ಚೀಟಿಗೂ ಹತ್ತು ರೂಪಾಯಿ ವ್ಯತ್ಯಾಸ ಬಂತು. ಹೋಗಲಿ ಬಿಡಿ, ನಾನು ಹಾಕುತ್ತೇನೆ ಎಂದು ವಯರಿಂಗ್ ಹುಡುಗ ಕಿಸೆಗೆ ಕೈ ಹಾಕಿದ. ಅಪ್ಪನಿಗೆ ಈಗ ಎಂಬತ್ತೆರಡು. ಅಷ್ಟು ಹೊತ್ತು ಕುರ್ಚಿಯಲ್ಲಿ ಒರಗಿದ್ದವರು ಎದ್ದು ಬಂದರು. "ಹಾಗೆಲ್ಲ ಹಾಕುವ ಹಾಗಿಲ್ಲ. ಮತ್ತೊಮ್ಮೆ ಎಣಿಸಿ" ಎಂದರು. ಎರಡನೇ ಸಲವೂ ಅಷ್ಟೇ ಬಂತು. ಆಗ ಅವರೇ ಚಾಪೆಯ ಮೇಲೆ ಕೂತು ಹತ್ತರ ನೋಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಒಂದು ನೋಟು ದಪ್ಪ ಇತ್ತು. ಹಳದಿ ಬಣ್ಣ ತಾಗಿ ಎರಡು ನೋಟು ಅಂಟಿಕೊಂಡಿದ್ದವು. ಉಗುರಿನಿಂದ ಮೂಲೆ ಎಬ್ಬಿಸಿ, ಹರಿಯದ ಹಾಗೆ ನಿಧಾನವಾಗಿ ಬಿಡಿಸಿ, ಎರಡನ್ನೂ ಚಾಪೆಯ ಮೇಲೆ ಬೇರೆ ಬೇರೆ ಇಟ್ಟರು. ಆಮೇಲೆ ಪುಸ್ತಕ ಕೇಳಿದರು.